ಗೋಶಾಲೆಯನ್ನು ನೋಡಲು ಹೋಗುವವರಿಗೆ

(ಗುಡ್ಡದೂರುಗಳ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ದಂಡೋತಿಯಲ್ಲಿ ಆಡಿದ ಮಾತುಗಳ ಬರಹರೂಪ)



ಗೋಶಾಲೆಗೆ ಭೇಟಿ ನೀಡುವುದು ಈಚಿನ ವರ್ಷಗಳಲ್ಲಿ ಶಾಲೆ ಕಾಲೇಜುಗಳಿಗೂ ಯುವಕ ಸಂಘಗಳಿಗೂ ಒಂದು ವಾಡಿಕೆಯಾಗಿದೆ. ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ, ಸಂಕ್ರಾಂತಿಗೆ ಜನರು ಅಲ್ಲಿಗೆ ಹೋಗುತ್ತಾರೆ. ಒಂದು ಡಜನ್ ಬಾಳೆಹಣ್ಣು, ಒಂದಿಷ್ಟು ಬೆಲ್ಲ ಕೊಂಡೊಯ್ಯುತ್ತಾರೆ. ಆಕಳ ಹಣೆಗೆ ಕುಂಕುಮವಿಟ್ಟು, ಮೈ ಸವರಿ, ಕೈಮುಗಿದು ಮರಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಷ್ಟಕ್ಕೇ ಮರಳಿದವರು ಗೋಶಾಲೆಯನ್ನು ನೋಡಿದಂತಾಗಲಿಲ್ಲ. ಅಲ್ಲಿ ನಿಂತಿರುವ ಒಂದೊಂದು ದನದ ಹಿಂದೆಯೂ ಯಾವುದೋ ಊರಿನ ಯಾವುದೋ ಕೊಟ್ಟಿಗೆಯಲ್ಲಿ ಖಾಲಿಯಾದ ಒಂದು ಗೂಟವಿದೆ. ಆ ಗೂಟ ಏಕೆ ಖಾಲಿಯಾಯಿತು, ಬಂದ ದನ ಇಲ್ಲಿ ಏನನ್ನು ತಿಂದು ಬದುಕುತ್ತದೆ, ಆ ಮೇವು ಎಲ್ಲಿಂದ ಬರುತ್ತದೆ? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಕಾಣುವ ಗೋಶಾಲೆಯೇ ಬೇರೆ. ಇಂದಿನ ಮಾತು ಅದನ್ನು ಕುರಿತದ್ದು.

ದಂಡೋತಿಯಲ್ಲಿ ಕುಳಿತು ಈ ಮಾತನ್ನಾಡುವುದಕ್ಕೆ ಒಂದು ಅರ್ಥವಿದೆ. ಚಿಂಚೋಳಿಯ ಗುಡ್ಡಗಳಲ್ಲಿ ಬಿದ್ದ ಮಳೆ ಮುಲ್ಲಾಮಾರಿಯನ್ನು ಸೇರಿ, ಅದು ಕಾಗಿಣಾ ನದಿಯಲ್ಲಿ ಕೂಡಿ, ಈ ಊರಿನ ಸೇತುವೆಯನ್ನು ದಾಟಿ ಭೀಮೆಯ ಪಾಲಾಗುತ್ತದೆ. ಮಳೆ ಜೋರಾದ ವರ್ಷಗಳಲ್ಲಿ ನೀರು ಸೇತುವೆಯ ಕೆಳಗೆ ಹರಿಯುವುದಿಲ್ಲ, ಮೇಲೆಯೇ ಹಾಯುತ್ತದೆ. 2020ರ ಅಕ್ಟೋಬರ್ ತಿಂಗಳ ಪ್ರವಾಹವನ್ನು ನದಿದಂಡೆಯ ಊರುಗಳು ಮರೆತಿಲ್ಲ. ನೆರೆ ಬಂದ ರಾತ್ರಿ ಕಣ್ಣಿ ಬಿಚ್ಚಲು ಸಮಯ ಸಿಗದ ಮನೆಯ ದನ ಗೂಟದಲ್ಲಿಯೇ ಸಾಯುತ್ತದೆ. ಬಿಚ್ಚಿಬಿಟ್ಟದ್ದು ಎಲ್ಲಿಯೋ ದಡ ಸೇರಿ, ಯಾರದೋ ಹೊಲದ ಬದುವಿನಲ್ಲಿ ಬೆಳಗಿನ ಹೊತ್ತು ನಿಂತಿರುತ್ತದೆ. ವಾರಸುದಾರರು ಸಿಗದಿದ್ದರೆ ಅದು ಬೀದಿಯ ದನವಾಗುತ್ತದೆ. ಗುಡ್ಡದವರಿಗೂ ಬಯಲಿನವರಿಗೂ ಇರುವ ನಂಟು ಕೇವಲ ನೀರಿನದಲ್ಲ, ದನಕರುಗಳದ್ದೂ ಹೌದು. ಬೇಸಿಗೆಯಲ್ಲಿ ಬಯಲಿನ ದನಗಳು ಮೇವನ್ನು ಹುಡುಕಿ ಗುಡ್ಡದ ಕಡೆ ನಡೆಯುತ್ತಿದ್ದುದು, ಸುಗ್ಗಿಯ ಮೇಲೆ ಗುಡ್ಡದ ತಾಂಡಾಗಳ ಜನ ಬಯಲಿಗಿಳಿದು ಕಣಿಕೆ ಒಯ್ಯುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು.

ಈ ಸೀಮೆಯ ದನವೆಂದರೆ ದೇವಣಿ. ಲಾತೂರ, ಬೀದರ ಮತ್ತು ಕಲಬುರಗಿಗೆ ಹೊಂದಿದ ತಳಿಯದು. ಬಿಳಿಯ ಮೈಗೆ ಕಪ್ಪು ಮುಖವಿರುವುದು ಒಂದು ಬಗೆ, ಮೈತುಂಬ ಕಪ್ಪು ಮಚ್ಚೆಗಳಿರುವುದು ಇನ್ನೊಂದು ಬಗೆ. ಎತ್ತು ಎರೆಮಣ್ಣಿನಲ್ಲಿ ಕುಂಟೆ ಎಳೆಯುತ್ತದೆ, ಆಕಳು ಮನೆಮಟ್ಟಿಗೆ ಹಾಲು ಕೊಡುತ್ತದೆ. ಎರಡಕ್ಕೂ ಒದಗುವ ತಳಿ ಎಂದೇ ಇದಕ್ಕೆ ಬೆಲೆ. ಬಿಳಿಜೋಳ ಬೆಳೆದ ರೈತನಿಗೆ ಕಾಳು ಮನೆಗೆ, ಕಣಿಕೆ ಕೊಟ್ಟಿಗೆಗೆ. ಹೀಗೆ ಒಂದೇ ಹೊಲದಲ್ಲಿ ಮನುಷ್ಯನ ಊಟ ಮತ್ತು ಎತ್ತಿನ ಊಟ ಎರಡೂ ಬೆಳೆಯುತ್ತಿದ್ದವು. ಆ ಲೆಕ್ಕ ಈಗ ತಪ್ಪಿದೆ. ತೊಗರಿ ಈ ನೆಲದ ಹೆಮ್ಮೆ, 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆದರೆ ತೊಗರಿಯ ಕಟ್ಟಿಗೆ ಒಲೆಗೆ ಹೋಗುತ್ತದೆಯೇ ಹೊರತು ಗೋದಲಿಗೆ ಹೋಗುವುದಿಲ್ಲ. ರಾಶಿಯಲ್ಲಿ ಉಳಿದ ಹೊಟ್ಟನ್ನು ದನ ತಿನ್ನುತ್ತದೆ, ನಿಜ. ಅದು ಜೋಳದ ಒಂದು ಬಣವೆಗೆ ಸಮನಾಗಲಾರದು. ಹತ್ತಿಯ ಮಾತಂತೂ ಬೇಡ. ಜೋಳದ ಎಕರೆ ಕಡಿಮೆಯಾದ ಹಾಗೆಲ್ಲ ಎತ್ತಿನ ಊಟದ ಎಲೆ ಚಿಕ್ಕದಾಗುತ್ತ ಬಂದಿದೆ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸವನ್ನೂ ಕಿತ್ತುಕೊಂಡಿತು.

ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಓಡಿಸುವ ಸಂಭ್ರಮ ಈಗಲೂ ಇದೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಮನೆಮನೆಯಲ್ಲೂ ಮಣ್ಣಿನ ಎತ್ತುಗಳ ಪೂಜೆಯಾಗುತ್ತದೆ. ಅನೇಕ ಓಣಿಗಳಲ್ಲಿ ಇಂದು ಪೂಜೆಗೊಳ್ಳುವ ಮಣ್ಣಿನ ಜೋಡಿಗಳೇ ಹೆಚ್ಚು, ಉಸಿರಾಡುವ ಜೋಡಿಗಳು ಕಡಿಮೆ. ಇದು ಚೇಷ್ಟೆಯ ಮಾತಲ್ಲ, ಲೆಕ್ಕದ ಮಾತು. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 95 ಲಕ್ಷ ದನಗಳಿದ್ದವು. 2019ರ ಗಣತಿಯಲ್ಲಿ ಅವು ಸುಮಾರು 85 ಲಕ್ಷಕ್ಕೆ ಇಳಿದವು. ಇಡೀ ದೇಶವನ್ನು ತೆಗೆದುಕೊಂಡರೆ ಇದೇ ಏಳು ವರ್ಷಗಳಲ್ಲಿ ಹೆಣ್ಣು ದನಗಳು ಶೇಕಡಾ 18ರಷ್ಟು ಹೆಚ್ಚಿದವು, ಗಂಡು ದನಗಳು ಶೇಕಡಾ 30ರಷ್ಟು ಕುಸಿದವು. ಹಾಲು ಕೊಡುವುದು ಬೇಕು, ಹೊಲ ಉಳುವುದು ಬೇಡ ಎಂದು ದೇಶ ತೀರ್ಮಾನಿಸಿದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಗಳಿಲ್ಲ. ಅದೇ 2019ರ ಗಣತಿ ದೇಶದ ಬೀದಿಗಳಲ್ಲಿ 50 ಲಕ್ಷ ಬಿಡಾಡಿ ದನಗಳನ್ನು ಎಣಿಸಿತು.

ಎತ್ತು ನಾಲ್ಕನೆಯ ವರ್ಷಕ್ಕೆ ನೊಗಕ್ಕೆ ಬರುತ್ತದೆ, ಹನ್ನೆರಡು ಹದಿಮೂರಕ್ಕೆ ಸೋಲುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತರವರೆಗೂ ಬದುಕೀತು. ಈ ನಡುವಿನ ಏಳೆಂಟು ವರ್ಷಗಳನ್ನು ಯಾರು ಹೊರಬೇಕು ಎಂಬುದೇ ಗೋಶಾಲೆಯ ಬಾಗಿಲಲ್ಲಿ ನಿಂತಿರುವ ಪ್ರಶ್ನೆ. ಮೊದಲು ಇದಕ್ಕೆ ಸಂತೆ ಉತ್ತರ ಹೇಳುತ್ತಿತ್ತು. 1964ರ ಕರ್ನಾಟಕದ ಕಾಯಿದೆ ಆಕಳನ್ನು ವಧೆಯಿಂದ ರಕ್ಷಿಸಿತ್ತು. ಹನ್ನೆರಡು ವರ್ಷ ದಾಟಿದ ಅಥವಾ ದುಡಿಯಲಾಗದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರ ಪಡೆದು ಮಾರುವ ದಾರಿಯನ್ನು ಉಳಿಸಿತ್ತು. 2020ರ ಕಾಯಿದೆ 2021ರ ಜನವರಿಯಿಂದ ಜಾರಿಗೆ ಬಂದಾಗ ಎತ್ತಿಗೂ ಹೋರಿಗೂ ಆ ದಾರಿ ಮುಚ್ಚಿತು. ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ತೆರೆದುಕೊಂಡಿತು.

ಈ ಕಾಯಿದೆ ಸರಿಯೋ ತಪ್ಪೋ ಎಂಬ ವಾದ ವೇದಿಕೆಗಳಲ್ಲಿ ಸಾಕಷ್ಟು ನಡೆದಿದೆ, ಇಲ್ಲಿ ಅದು ಬೇಡ. ಆ ವಾದದ ಎರಡೂ ಕಡೆಯವರು ಮರೆಯುವ ಒಂದು ಸಂಗತಿಯನ್ನು ಮಾತ್ರ ನೆನೆಯಬೇಕು. 1958ರಲ್ಲಿ ಹನೀಫ್ ಖುರೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುಡಿಯಲಾರದ ಎತ್ತುಗಳನ್ನೂ ಉಳಿಸಿಕೊಂಡರೆ ದೇಶದ ಅಲ್ಪ ಮೇವಿನಲ್ಲಿ ದುಡಿಯುವ ದನಗಳ ಪಾಲು ಹೋಗುತ್ತದೆ ಎಂಬ ವಾದವನ್ನು ಒಪ್ಪಿತ್ತು. 2005ರಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ಬದಲಿಸಿತು. ಮುದಿ ಎತ್ತೂ ಸೆಗಣಿ ಗಂಜಲದಿಂದ ಉಪಕಾರಿಯೇ ಎಂದಿತು. ಎರಡು ತೀರ್ಪುಗಳ ನಡುವೆ 47 ವರ್ಷ. ಎರಡರ ಹೊಟ್ಟೆಯಲ್ಲೂ ಇದ್ದದ್ದು ಮೇವಿನ ಮಾತು. ನ್ಯಾಯಾಲಯ ದನವನ್ನು ಉಳಿಸು ಎನ್ನಬಹುದು, ಶಾಸನಸಭೆ ಕಾಯಿದೆ ಮಾಡಬಹುದು. ಮೇವನ್ನು ಬೆಳೆಯಬೇಕಾದದ್ದು ನೆಲ, ಆ ನೆಲ ಎಲ್ಲಿದೆ ಎಂಬುದನ್ನು ಯಾವ ತೀರ್ಪೂ ಹೇಳಲಿಲ್ಲ.

ಕೈಲಾಗದ ಪ್ರಾಣಿಯನ್ನು ಸಾಕುವ ವಿಚಾರ ಈ ನಾಡಿಗೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1989ರಲ್ಲಿ ಅಶೋಕನ ಶಾಸನ ದೊರೆಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಕೆಯಾಗಿದ್ದ ಬಂಡೆಯದು, ನಡುವೆ ತೂತು ಕೊರೆದಿತ್ತು. ಅದರಲ್ಲಿ ಉಳಿದಿರುವುದು ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಪ್ರಾಣಿಗಳ ಮಾತು ಬರುವುದು ಬೇರೆಡೆ ದೊರೆತ ಎರಡನೆಯ ಬಂಡೆಶಾಸನದಲ್ಲಿ. ಮನುಷ್ಯರಿಗೆ ಮಾತ್ರವಲ್ಲದೆ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿಯ ಗಿಡಮೂಲಿಕೆಗಳನ್ನು ತರಿಸಿ ನೆಡಿಸಿದ್ದನ್ನು, ದಾರಿಗಳಲ್ಲಿ ಬಾವಿ ತೋಡಿಸಿದ್ದನ್ನು ಅಲ್ಲಿ ಅವನು ಹೇಳಿಕೊಂಡಿದ್ದಾನೆ. ಗಮನಿಸಬೇಕಾದದ್ದು ಆ ಕ್ರಮವನ್ನು. ಚಿಕಿತ್ಸೆಯ ಜೊತೆಯಲ್ಲಿಯೇ ಗಿಡ, ಗಿಡದ ಜೊತೆಯಲ್ಲಿಯೇ ನೀರು. ಇಪ್ಪತ್ತೆರಡು ಶತಮಾನಗಳ ಹಿಂದಿನ ಆ ಅರಸನಿಗೆ ಇದ್ದ ಲೆಕ್ಕ ಇಂದಿನ ಎಷ್ಟೋ ಯೋಜನೆಗಳಿಗೆ ಇಲ್ಲ.

ಇನ್ನೊಂದು ಸಾಕ್ಷ್ಯ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯದು. 1623ರಲ್ಲಿ ಆತ ಗುಜರಾತಿನ ಖಂಭಾತ್ ಬಂದರಿನಲ್ಲಿ ಪ್ರಾಣಿಗಳ ಆಸ್ಪತ್ರೆಗಳನ್ನು ನೋಡಿದ. ಹಕ್ಕಿಗಳಿಗೆ ಒಂದು, ಆಡು ಕುರಿಗಳಿಗೆ ಒಂದು, ಊರ ಹೊರಗೆ ಮುದಿಯಾದ, ಕಾಲು ಮುರಿದ ಆಕಳು ಕರುಗಳಿಗೆ ಇನ್ನೊಂದು. ಆ ದನಗಳ ನಡುವೆ ಎರಡೂ ಕೈ ಕಳೆದುಕೊಂಡ ಒಬ್ಬ ಮನುಷ್ಯನೂ ಇದ್ದ. ಕಳ್ಳತನಕ್ಕೆ ಶಿಕ್ಷೆಯಾಗಿ ಕೈ ಕಡಿಸಿಕೊಂಡವನು, ದುಡಿದು ತಿನ್ನಲಾರದವನು. ಅವನಿಗೂ ಅಲ್ಲಿಯೇ ಅನ್ನ. ಅದೇ ವರ್ಷದ ಕೊನೆಗೆ ಈ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡ. ಮಲೆನಾಡಿನ ಇತಿಹಾಸ ಓದುವವರಿಗೆ ಆತ ಪರಿಚಿತನೇ. ಖಂಭಾತಿನ ಮಾದರಿಯ ಸಂಸ್ಥೆಗಳು ಮುಂದೆ ಪಿಂಜ್ರಾಪೋಲ್ ಎಂಬ ಹೆಸರಿನಲ್ಲಿ ದೇಶದ ಅನೇಕ ಪಟ್ಟಣಗಳಿಗೆ ಹರಡಿದವು. ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿಯೂ ಒಂದಿದೆ. ವ್ಯಾಪಾರಿಗಳ ದಾನದಿಂದ ನಡೆದ ಸಂಸ್ಥೆಗಳವು. ಪೇಟೆ ಚೆನ್ನಾಗಿದ್ದರೆ ದನ ಚೆನ್ನಾಗಿರುತ್ತಿತ್ತು.

ಪಶ್ಚಿಮದ ದೇಶಗಳಲ್ಲಿ ಈ ಬಗೆಯ ಆಶ್ರಯತಾಣಗಳು ಹುಟ್ಟಿದ್ದು ತೀರ ಈಚೆಗೆ, ಬೇರೆಯೇ ಕಾರಣಕ್ಕೆ. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಎಂಬಲ್ಲಿನ ದೊಡ್ಡ ಜಾನುವಾರು ಸಂತೆಯ ಹಿಂಬದಿಯಲ್ಲಿ ಸತ್ತ ಪ್ರಾಣಿಗಳನ್ನು ಎಸೆದ ರಾಶಿಯೊಂದಿತ್ತು. 1986ರಲ್ಲಿ ಆ ರಾಶಿಯ ನಡುವೆ ಇನ್ನೂ ಜೀವವಿದ್ದ ಒಂದು ಕುರಿ ತಲೆ ಎತ್ತಿತು. ಅಲ್ಲಿಗೆ ಹೋಗಿದ್ದ ಜೀನ್ ಬಾವರ್ ಮತ್ತು ಸಂಗಡಿಗರು ಅದನ್ನು ಎತ್ತಿಕೊಂಡು ಹೋಗಿ ಉಪಚರಿಸಿದರು. ಹಿಲ್ಡಾ ಎಂದು ಹೆಸರಿಟ್ಟ ಆ ಕುರಿ ಹತ್ತು ವರ್ಷಕ್ಕೂ ಮಿಕ್ಕಿ ಬದುಕಿತು. ಫಾರ್ಮ್ ಸ್ಯಾಂಕ್ಚುರಿ ಎಂಬ ಸಂಸ್ಥೆ ಬೆಳೆದದ್ದು ಹೀಗೆ. ಅಲ್ಲಿ ಆಶ್ರಯ ಪಡೆಯುವವು ಕಾರ್ಖಾನೆಯಂಥ ಶೆಡ್ಡುಗಳಿಂದ ಬಂದ ಕೋಳಿ, ಹಂದಿ, ಕುರಿ, ಕರು. ಮಾಂಸದ ಉದ್ಯಮದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಪೇಟೆಯ ಜನ ಅರಿಯಲಿ ಎಂದೇ ಅವರು ಭೇಟಿಗೆ ಕರೆಯುತ್ತಾರೆ. ಇಲ್ಲಿನ ಗೋಶಾಲೆಯಲ್ಲಿ ಕೋಳಿಯಿಲ್ಲ, ಹಂದಿಯಿಲ್ಲ, ಆಡಿಗೆ ಜಾಗವಿಲ್ಲ. ಊರಿನ ಮಕ್ಕಳಿಗೆ ಹಾಲು ಕುಡಿಸಿ ಬೆಳೆಸಿದ ಎಮ್ಮೆಗೂ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ನಮ್ಮ ಕರುಣೆಗೂ ಜಾತಿಭೇದವಿದೆಯೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ದೊಡ್ಡವರು ಸಿಟ್ಟಾಗಬಾರದು.

ಇನ್ನು ಒಳಗೆ ಹೋಗೋಣ. ಗೋಶಾಲೆಗೆ ಕಾಲಿಟ್ಟವರು ಮೊದಲು ಆಕಳ ಮುಖವನ್ನಲ್ಲ, ಬಣವೆಯನ್ನು ನೋಡಬೇಕು. ಲೆಕ್ಕ ಕಷ್ಟದ್ದಲ್ಲ, ಏಳನೆಯ ತರಗತಿಯ ಮಕ್ಕಳೂ ಮಾಡಬಹುದು. ಹಾಲು ಕೊಡದ, ದುಡಿಯದ ಒಂದು ದನಕ್ಕೆ ದಿನಕ್ಕೆ ಕನಿಷ್ಠ ಆರು ಕೆ.ಜಿ. ಒಣಮೇವು ಬೇಕು. ನೂರು ದನಗಳಿದ್ದರೆ ದಿನಕ್ಕೆ ಆರು ಕ್ವಿಂಟಲ್, ವರ್ಷಕ್ಕೆ ಇನ್ನೂರು ಟನ್ನಿಗೂ ಮೇಲು. ದನವೊಂದಕ್ಕೆ ನಲವತ್ತು ಲೀಟರ್ ನೀರು ಎಂದರೆ ನೂರಕ್ಕೆ ದಿನಕ್ಕೆ ನಾಲ್ಕು ಸಾವಿರ ಲೀಟರ್. ಕಲಬುರಗಿಯ ಏಪ್ರಿಲ್ ಮೇ ಬಿಸಿಲಿಗೆ ಅದೂ ಸಾಲದು. ಜನವರಿಯಲ್ಲಿ ಕಾಣುವ ಬಣವೆ ಮುಂದಿನ ಜೂನ್ ಮುಟ್ಟುತ್ತದೆಯೇ ಎಂದು ಕಣ್ಣಳತೆಯಲ್ಲಿಯೇ ಅಂದಾಜು ಮಾಡಬಹುದು. ಮುಟ್ಟುವುದಿಲ್ಲ ಎಂದಾದರೆ ಅಲ್ಲಿನ ದನಗಳ ಬೆನ್ನೆಲುಬು ಏಪ್ರಿಲ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹಣದ ಲೆಕ್ಕವನ್ನೂ ಹಾಕಿ ನೋಡಬಹುದು. ಬರಗಾಲದಲ್ಲಿ ಸರಕಾರ ತೆರೆಯುವ ಜಾನುವಾರು ಶಿಬಿರಗಳಿಗೆ, ವಿಪತ್ತು ಪರಿಹಾರ ನಿಧಿಯ 2022ರ ನಂತರದ ನಿಯಮದಂತೆ, ದೊಡ್ಡ ಪ್ರಾಣಿಯೊಂದಕ್ಕೆ ದಿನಕ್ಕೆ 80 ರೂಪಾಯಿ. ಅಂದರೆ ಒಂದು ದನವನ್ನು ದಿನ ದೂಡಿಸಲು ಇಷ್ಟಾದರೂ ಬೇಕೆಂದು ಸರಕಾರವೇ ಒಪ್ಪಿದಂತಾಯಿತು. 2022ರಲ್ಲಿ ಕರ್ನಾಟಕ ಸರಕಾರ ಪುಣ್ಯಕೋಟಿ ದತ್ತು ಯೋಜನೆಯನ್ನು ಪ್ರಾರಂಭಿಸಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ದನವನ್ನು ಯಾರು ಬೇಕಾದರೂ ದತ್ತು ಪಡೆಯಬಹುದೆಂದು ಪ್ರಕಟಿಸಿತು. ಹನ್ನೊಂದು ಸಾವಿರವನ್ನು 365ರಿಂದ ಭಾಗಿಸಿದರೆ ದಿನಕ್ಕೆ 30 ರೂಪಾಯಿ. ಎಂಬತ್ತಕ್ಕೂ ಮೂವತ್ತಕ್ಕೂ ನಡುವಿನ ಐವತ್ತು ರೂಪಾಯಿ ಪ್ರತಿದಿನ, ಪ್ರತಿ ದನಕ್ಕೆ ಎಲ್ಲಿಂದ ಬರಬೇಕು? ಮೇವನ್ನು ಕಡಿತ ಮಾಡಿ ಬರಬೇಕು, ಇಲ್ಲವೇ ದಾನಿಗಳಿಂದ ಬರಬೇಕು. ದಾನಿಗಳು ಹಬ್ಬದಲ್ಲಿ ಬರುತ್ತಾರೆ, ದನ ದಿನವೂ ತಿನ್ನುತ್ತದೆ.

ದಾನಿಗಳು ತರುವ ತಿಂಡಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ದನದ ದೊಡ್ಡ ಹೊಟ್ಟೆ ಹುಲ್ಲನ್ನು ಕರಗಿಸಲೆಂದು ಇರುವುದು, ಅಲ್ಲಿನ ಸೂಕ್ಷ್ಮಜೀವಿಗಳಿಗೆ ನಾರು ಬೇಕು. ಒಮ್ಮೆಲೇ ಅನ್ನ, ಪಾಯಸ, ಹೋಳಿಗೆ, ಹಿಟ್ಟಿನ ಉಂಡೆಗಳನ್ನು ಹೇರಳವಾಗಿ ತಿನ್ನಿಸಿದರೆ ಹೊಟ್ಟೆಯಲ್ಲಿ ಆಮ್ಲತೆ ಏರಿ ದನ ಮಲಗಿಬಿಡುತ್ತದೆ, ಸಾಯುವುದೂ ಉಂಟು. ಮದುವೆಯ ಛತ್ರದಲ್ಲಿ ಉಳಿದ ಅಡುಗೆಯನ್ನು ಗೋಶಾಲೆಗೆ ಸುರಿದು ಪುಣ್ಯ ಬಂತೆಂದು ತಿಳಿಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇಪ್ಪತ್ತು ಮಂದಿ ತರುವ ಬಾಳೆಹಣ್ಣಿನ ಹಣದಲ್ಲಿ ಒಂದಿಷ್ಟು ಕಣಿಕೆಯ ಸಿವುಡುಗಳು ಬರುತ್ತವೆ. ಫೋಟೋದಲ್ಲಿ ಅದು ಅಷ್ಟು ಚೆನ್ನಾಗಿ ಕಾಣಲಾರದು.

ಪ್ಲಾಸ್ಟಿಕ್ಕಿನ ಮಾತು ಇದಕ್ಕಿಂತ ಘೋರ. ಕರ್ನಾಟಕದ ಗಡಿಗೆ ಹೊಂದಿದ ಆಂಧ್ರದ ಪುಟ್ಟಪರ್ತಿಯಲ್ಲಿ ಕರುಣಾ ಸೊಸೈಟಿ ಎಂಬ ಸಂಸ್ಥೆ 2000ದಿಂದ ಗಾಯಗೊಂಡ, ಬೀದಿಪಾಲಾದ ಪ್ರಾಣಿಗಳನ್ನು ಸಾಕುತ್ತ ಬಂದಿದೆ. ಅಲ್ಲಿಗೆ ಬಂದ ಬೀದಿಯ ದನಗಳು ಹೊಟ್ಟೆ ತುಂಬಿದಂತೆ ಕಾಣುತ್ತಿದ್ದವು, ಆದರೆ ಸೊರಗಿ ಸಾಯುತ್ತಿದ್ದವು. ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆ ತೆರೆದರೆ ಒಳಗೆ ಹತ್ತಾರು ಕೆ.ಜಿ. ಪ್ಲಾಸ್ಟಿಕ್ ಚೀಲಗಳು ಹೆಪ್ಪುಗಟ್ಟಿದ್ದವು, ಜೊತೆಗೆ ಮೊಳೆ, ತಂತಿ, ನಾಣ್ಯ. ಪ್ಲಾಸ್ಟಿಕ್ ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಅದು ಹಿಡಿದ ಜಾಗದಲ್ಲಿ ಮೇವಿಗೆ ಸ್ಥಳವಿಲ್ಲ. ತುಂಬಿದ ಹೊಟ್ಟೆಯಲ್ಲಿ ಉಪವಾಸ ಸಾಯುವುದೆಂದರೆ ಇದು. ಆ ಸಂಸ್ಥೆ ಮತ್ತು ಇತರರು ಸೇರಿ 2012ರಲ್ಲಿ ಪ್ಲಾಸ್ಟಿಕ್ ಚೀಲಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ದೇಶದ ಪ್ಲಾಸ್ಟಿಕ್ ಚರ್ಚೆಗೆ ದನದ ಹೊಟ್ಟೆ ಸಾಕ್ಷಿಯಾಗಿ ನಿಂತದ್ದು ಹೀಗೆ. ವಾಡಿ, ಶಹಾಬಾದ, ಸೇಡಂಗಳ ಸಂತೆಮೈದಾನದ ಕಸದ ಗುಂಡಿಯ ಬಳಿ ಸಂಜೆ ನಿಂತು ನೋಡಿದವರಿಗೆ ಪುಟ್ಟಪರ್ತಿಯವರೆಗೆ ಹೋಗುವ ಅಗತ್ಯವಿಲ್ಲ. ಗುಡ್ಡದೂರಿನವರು ಕೂಡ ಇದು ಪೇಟೆಯ ಕಥೆ ಎಂದು ನಿಶ್ಚಿಂತರಾಗುವಂತಿಲ್ಲ. ಚಂದ್ರಂಪಳ್ಳಿ ಜಲಾಶಯ ನೋಡಲು ಬಂದ ಪ್ರವಾಸಿಗರು ಬಿಟ್ಟುಹೋದ ಉಪ್ಪಿನ ರುಚಿಯ ಚೀಲ ಮೇಯಲು ಬಿಟ್ಟ ದನಕ್ಕೂ ಒಂದೇ, ಕಾಡಿನ ಪ್ರಾಣಿಗೂ ಒಂದೇ.

ರೋಗದ ವಿಷಯ ಬೇಗ ಹೇಳಿ ಮುಗಿಸಬಹುದು. ನಾನಾ ಊರುಗಳ, ನಾನಾ ಸ್ಥಿತಿಯ ದನಗಳು ಒಂದೆಡೆ ಕೂಡಿದಾಗ ಕಾಲುಬಾಯಿ ಜ್ವರ ಬೆಂಕಿಯಂತೆ ಹಬ್ಬುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯವನ್ನು ಹೇಗೆ ಕಾಡಿತೆಂದು ಎಲ್ಲರೂ ಕಂಡಿದ್ದಾರೆ. ಹೊಸದಾಗಿ ಬಂದ ದನವನ್ನು ಕೆಲ ದಿನ ಬೇರೆ ಕಟ್ಟುವ ಜಾಗ ಇದೆಯೇ ಎಂದು ಕೇಳಿದರೆ ಸಾಕು, ಆ ಗೋಶಾಲೆಯ ಅಂತರಂಗ ತಿಳಿಯುತ್ತದೆ. ಸಂದರ್ಶಕರೂ ಹಿಂದಿರುಗಿದ ಮೇಲೆ ಕೈಕಾಲು, ಚಪ್ಪಲಿ ತೊಳೆಯದೆ ಮನೆಯ ಕೊಟ್ಟಿಗೆಗೆ ನುಗ್ಗಬಾರದು.

ಆದರೆ ಔಷಧಿಯ ಬಗ್ಗೆ, ಪರಿಸರದ ಕೆಲಸ ಮಾಡುವವರು ಬಿಡದೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ನೋವಿನಿಂದ ನರಳುವ ಮುದಿದನಕ್ಕೆ ಯಾವ ಚುಚ್ಚುಮದ್ದು ಕೊಡುತ್ತಾರೆ? ಸತ್ತ ಮೇಲೆ ಶವವನ್ನು ಏನು ಮಾಡುತ್ತಾರೆ? 1990ರ ದಶಕದಲ್ಲಿ ಭಾರತದ ರಣಹದ್ದುಗಳು ಕಣ್ಣೆದುರಿಗೇ ಮಾಯವಾದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು ತಿಳಿದದ್ದು 2004ರ ಹೊತ್ತಿಗೆ. ಆ ಔಷಧಿ ಸೇರಿದ ಶವವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ಅಂಥದೇ ಹಾನಿ ಮಾಡುವ ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್ ನಿಷೇಧಗೊಂಡದ್ದು 2023ರಲ್ಲಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ದೊರೆಯುತ್ತದೆ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ ರಾಜ್ಯವಿದು. ಒಂದು ಪ್ರಾಣಿಯ ಮೇಲಿನ ಕರುಣೆ ಇನ್ನೊಂದಕ್ಕೆ ವಿಷವಾಗದ ಹಾಗೆ ನೋಡಿಕೊಳ್ಳುವುದು ಅಷ್ಟು ದೊಡ್ಡ ಕೆಲಸವೇನಲ್ಲ. ಔಷಧಿಯ ಕಪಾಟಿನ ಮೇಲೊಮ್ಮೆ ಕಣ್ಣಾಡಿಸಿದರಾಯಿತು.

ಕೆಲವೆಡೆ ಬೇರೆ ಬಗೆಯ ಪ್ರಯತ್ನಗಳೂ ಇವೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಭಾನ್ಕುಳಿಯಲ್ಲಿ ರಾಮಚಂದ್ರಾಪುರ ಮಠ 2018ರಲ್ಲಿ ತೆರೆದ ಗೋಸ್ವರ್ಗದಲ್ಲಿ ದನಗಳನ್ನು ಕಟ್ಟಿಹಾಕುವುದಿಲ್ಲ. ಮಲೆನಾಡಿನ ಮಳೆ, ಹಸಿರು ಮತ್ತು ಮಠವೊಂದರ ಭಕ್ತರ ಬೆಂಬಲ ಅದರ ಹಿಂದಿವೆ. ಕಣ್ಣಿಯಿಲ್ಲದ ದನ ಮಲಗುವ, ಏಳುವ, ಒಂದನ್ನೊಂದು ನೆಕ್ಕುವ ರೀತಿಯನ್ನು ವಿದ್ಯಾರ್ಥಿಗಳು ಒಮ್ಮೆ ನೋಡುವುದು ಒಳ್ಳೆಯದು. ದನದ ಸ್ವಭಾವ ಆಗ ತಿಳಿಯುತ್ತದೆ. ಆದರೆ ಚಿತ್ತಾಪುರದ ಬಿಸಿಲಿನಲ್ಲಿ, ಪರ್ಸಿ ಕಲ್ಲಿನ ಗಣಿಗಳು ಅಗೆದು ಬಿಟ್ಟ ನೆಲದಲ್ಲಿ ಅದನ್ನೇ ನಕಲು ಮಾಡಲಾಗದು. ಇಲ್ಲಿಯ ಉತ್ತರವನ್ನು ಇಲ್ಲಿಯೇ ಹುಡುಕಬೇಕು. ಹುಡುಕಿದರೆ ಅದು ಗೋಶಾಲೆಯ ಒಳಗಲ್ಲ, ಊರಿನ ಗಾಯರಾಣದಲ್ಲಿ ಸಿಗುತ್ತದೆ.

ಹಳೆಯ ಮೈಸೂರಿನವರು ಗೋಮಾಳವೆನ್ನುವುದನ್ನು ಈ ಭಾಗದಲ್ಲಿ ಗಾಯರಾಣ ಎನ್ನುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ, ಊರಿನ ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ನೆಲವನ್ನು ಉಚಿತ ಮೇವಿಗಾಗಿ ಬಿಡಬೇಕೆಂದು ಹೇಳುತ್ತದೆ. ಅದನ್ನು ಕಡಿಮೆ ಮಾಡುವ ಅಧಿಕಾರವನ್ನೂ ಜಿಲ್ಲಾಧಿಕಾರಿಗೆ ಕೊಡುತ್ತದೆ. ಹೆಚ್ಚು ಬಳಕೆಯಾದದ್ದು ಆ ಎರಡನೆಯ ಮಾತೇ. ಗಾಯರಾಣದಲ್ಲಿ ಕಚೇರಿ ಕಟ್ಟಿದರು, ನಿವೇಶನ ಹಂಚಿದರು, ಅಕ್ಕಪಕ್ಕದವರು ಒಂದೊಂದೇ ಸಾಲು ಒತ್ತಿಕೊಂಡು ಉತ್ತರು. ಉಳಿದದ್ದನ್ನು ಜಾಲಿ ನುಂಗಿತು. ಭೂಮಿಯಿಲ್ಲದ ಬಡವನಿಗೆ ಸಿಕ್ಕ ಎರಡು ಎಕರೆಯ ಬಗ್ಗೆ ಯಾರೂ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ ಮೇವಿನ ನೆಲ ಹೋದ ಮೇಲೆ, ಆ ಬಡವನ ಒಂದೇ ಆಕಳು ಎಲ್ಲಿ ಮೇಯಬೇಕು ಎಂಬುದನ್ನೂ ಊರು ಯೋಚಿಸಬೇಕಿತ್ತು.

ಗುಡ್ಡದ ಕಡೆಯಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಒಣನಾಡಿನ ನಡುವೆ ಅಂಥ ಹಸಿರು ಉಳಿದಿರುವುದೇ ಭಾಗ್ಯ, ಅದು ಉಳಿಯಬೇಕು. ಅಂಚಿನ ತಾಂಡಾಗಳ ದನ, ಆಡುಗಳು ಅಲ್ಲಿಯೇ ಮೇಯುತ್ತ ಬಂದಿದ್ದವು ಎಂಬುದೂ ನಿಜ. ದನ ಹೊಕ್ಕರೆ ಕಾಡಿನ ಹುಲ್ಲು ಹೋಗುತ್ತದೆ, ದನದ ರೋಗ ಕಾಡಿನ ಪ್ರಾಣಿಗೆ ತಗಲುತ್ತದೆ. ದನವನ್ನು ತಡೆದರೆ ತಾಂಡಾದವರು ಅದನ್ನು ಮಾರಬೇಕು, ಇಲ್ಲವೇ ಬಿಡಬೇಕು. ಹೀಗೆ ಬಿಟ್ಟ ದನವೇ ಎಷ್ಟೋ ಸಲ ಬಯಲಿನ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ, ಕಾಲು ಮುರಿದುಕೊಂಡು ಗೋಶಾಲೆಗೆ ಬರುತ್ತದೆ. ಬೇಲಿಯೊಳಗಿನ ಅರಣ್ಯ ಇಲಾಖೆಗೂ, ಬೇಲಿಯ ಹೊರಗಿನ ಪಶುಸಂಗೋಪನೆ ಇಲಾಖೆಗೂ, ಮಧ್ಯದ ಗಾಯರಾಣದ ಕಂದಾಯ ಇಲಾಖೆಗೂ ದನ ಒಂದೇ, ಕಡತ ಮೂರು.

ಹಾಗಾದರೆ ಗೋಶಾಲೆ ಬೇಡವೇ? ಬೇಕು. ಲಾರಿಯಡಿ ಸಿಕ್ಕ ಎತ್ತನ್ನು ಗಾಯರಾಣ ಉಪಚರಿಸಲಾರದು. ಸಾಗಾಟದಲ್ಲಿ ಪೊಲೀಸರು ಹಿಡಿದ ಹೋರಿಯನ್ನು ಎಲ್ಲಿಯಾದರೂ ಇಳಿಸಲೇಬೇಕು. ದವಾಖಾನೆ ಊರಿಗೆ ಬೇಕು, ಆದರೆ ಊರಿಗೆ ಊರೇ ದವಾಖಾನೆಯಲ್ಲಿ ಮಲಗಿದರೆ ಹೆಚ್ಚು ಮಂಚಗಳನ್ನು ತರಿಸುವುದು ಉಪಾಯವಲ್ಲ, ಬಾವಿಯ ನೀರನ್ನು ಪರೀಕ್ಷಿಸಬೇಕು. ಹೊಸ ಗೋಶಾಲೆಗಳ ಘೋಷಣೆಯಾದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ಆ ಗೋಶಾಲೆಗೆ ಮಂಜೂರಾದ ನೆಲ ಯಾವ ಊರಿನ ಗಾಯರಾಣದ ತುಂಡು ಎಂದು ಕೇಳುವವರು ವಿರಳ. ಮೇಯುವ ನೆಲವನ್ನು ಕಿತ್ತು, ಅಲ್ಲಿಯೇ ತಗಡಿನ ಶೆಡ್ಡು ಹಾಕಿ, ಹೊರಗಿನಿಂದ ಮೇವು ತರಿಸಿ ಹಾಕುವುದಾದರೆ ಆ ಕೆಲಸವನ್ನು ಏನೆಂದು ಕರೆಯಬೇಕು?

ಆದ್ದರಿಂದ ಭೇಟಿಗೆ ಹೋಗುವ ವಿದ್ಯಾರ್ಥಿಗಳು ಗೋಶಾಲೆಯ ದಾಖಲೆ ಪುಸ್ತಕವನ್ನು ತೋರಿಸಿರೆಂದು ವಿನಯದಿಂದ ಕೇಳಬೇಕು. ಯಾವ ದನ ಯಾವ ಊರಿನಿಂದ, ಯಾವ ತಿಂಗಳಲ್ಲಿ ಬಂತು ಎಂಬುದನ್ನು ಬರೆದುಕೊಳ್ಳಬೇಕು. ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಮಿಶ್ರತಳಿ ಎಷ್ಟು ದೇವಣಿ ಎಷ್ಟು, ಮಾರ್ಚಿಯಿಂದ ಜೂನ್ ಒಳಗೆ ಬಂದವು ಎಷ್ಟು? ಅವುಗಳಲ್ಲಿ ಇಂದಿಗೂ ಬದುಕಿರುವವು ಎಷ್ಟು ಎಂಬ ಕಡೆಯ ಅಂಕಣವನ್ನು ತೋರಿಸಲು ಕೆಲವರು ಹಿಂಜರಿಯಬಹುದು, ಕೆಲವೆಡೆ ಪುಸ್ತಕವೇ ಇಲ್ಲದಿರಬಹುದು. ಹಿಂಜರಿಯದೆ ತೋರಿಸುವವರ ಹತ್ತಿರ ಇನ್ನೊಂದು ಗಳಿಗೆ ಕುಳಿತು ಮಾತಾಡಬೇಕು. ಕಡಿಮೆ ಸಂಬಳಕ್ಕೆ, ರಾತ್ರಿ ಹಗಲೆನ್ನದೆ ಸೆಗಣಿ ಬಾಚುವ, ಹುಣ್ಣು ತೊಳೆಯುವ ಆ ಮಂದಿಗೆ ಪ್ರತಿ ದನದ ಕಥೆಯೂ ಗೊತ್ತಿರುತ್ತದೆ.

ಊರುಗಳ ಹೆಸರು ಸಿಕ್ಕ ಮೇಲೆ ಮುಂದಿನ ಕೆಲಸ ರೈತಬಂಧುಗಳದು. ಆ ಊರಿನ, ಅಥವಾ ನಿಮ್ಮದೇ ಊರಿನ ಗಾಯರಾಣದ ಸರ್ವೇ ನಂಬರುಗಳೆಷ್ಟು, ಪಹಣಿಯಲ್ಲಿ ಎಷ್ಟು ಎಕರೆ ಇದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಬಹುದು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಪಶುವೈದ್ಯರ ಬಳಿ ಊರಿನ ದನಗಳ ಸಂಖ್ಯೆ ಸಿಗುತ್ತದೆ. ನೂರಕ್ಕೆ ಮೂವತ್ತು ಎಕರೆಯಂತೆ ಲೆಕ್ಕ ಹಾಕಿ, ಮೂರೂ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಯ ಮುಂದಿಡಬೇಕು. ಮಳೆಗಾಲಕ್ಕೆ ಮುಂಚಿನ ಸಭೆಯಾದರೆ ಒಳ್ಳೆಯದು. ಜಾಲಿ ಕಡಿಸಿ ಹುಲ್ಲಿನ ಬೀಜ ಚೆಲ್ಲಲು ಮಿರಗದ ಮಳೆಗೆ ಮುಂಚೆ ನೆಲ ಸಿದ್ಧವಾಗಬೇಕಾಗುತ್ತದೆ.